ನಡವಳಿಯೊಳಗಿನ ಪಟ್ಟಿ: ಅಡಕವೋ, ಉಲ್ಲೇಖವೋ, ನಕಲೋ?

ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರ ಮುಂದೆ ಇಂದು ಬರುವ ಕಾಗದಪತ್ರಗಳಲ್ಲಿ ಬಹುಪಾಲು ಗಣಕಯಂತ್ರದಲ್ಲಿ ಸಿದ್ಧಗೊಂಡವು. ಸಭಾ ನಡವಳಿ, ವಾರ್ಷಿಕ ಕ್ರಿಯಾ ಯೋಜನೆ, ಜಮಾ-ಖರ್ಚಿನ ತಖ್ತೆ, ಫಲಾನುಭವಿಗಳ ಪಟ್ಟಿ, ಜಮಾಬಂದಿ ವರದಿ ಇವೆಲ್ಲವೂ ಸಾಮಾನ್ಯವಾಗಿ ಎರಡು ಬೇರೆ ಬೇರೆ ತಂತ್ರಾಂಶಗಳ ಕೂಡು ಕೆಲಸದ ಫಲವಾಗಿವೆ. ಒಕ್ಕಣೆಯ ಭಾಗವನ್ನು ವರ್ಡ್ ಅಥವಾ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಬರೆಯಲಾಗುತ್ತದೆ. ಅಂಕಿ ಅಂಶಗಳ ಭಾಗವನ್ನು ಎಕ್ಸೆಲ್ ಅಥವಾ ಕ್ಯಾಲ್ಕ್ ಹಾಳೆಯಲ್ಲಿ ಲೆಕ್ಕ ಹಾಕಲಾಗುತ್ತದೆ. ಬಳಿಕ ಆ ಹಾಳೆಯನ್ನು ಈ ಒಕ್ಕಣೆಯ ನಡುವೆ ಇರಿಸಲಾಗುತ್ತದೆ. ಹೀಗೆ ಇರಿಸುವಾಗ ಆಗುವ ಒಂದು ಸಣ್ಣ ಆಯ್ಕೆಯು ಸದಸ್ಯರು ಅನುಮೋದಿಸಿದ ಮೊತ್ತ ಮುಂದೆ ಹಾಗೆಯೇ ಉಳಿಯುವುದೇ ಎಂಬುದನ್ನು ನಿರ್ಧರಿಸುತ್ತದೆ. ಆ ಆಯ್ಕೆಯ ಕುರಿತು ಈ ಲೇಖನ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಇಂಜಿನಿಯರಿಂಗ್ ಓದಿ ಸೇವೆಗೆ ಬಂದ ಹೊಸತರಲ್ಲಿ, ಒಂದು ಅಂಕಿಯನ್ನು ಎರಡು ಕಡೆ ಬರೆಯುವುದೇ ಅಪರಾಧವೆಂಬ ಭಾವನೆ ನನಗಿತ್ತು. ಆದ್ದರಿಂದ ಆಗ ನಾನಿದ್ದ ಪಂಚಾಯತಿಯ ಕ್ರಿಯಾ ಯೋಜನೆಯ ನಡವಳಿಯಲ್ಲಿ ಕಾಮಗಾರಿಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಗೆ ಲಿಂಕ್ ಮೂಲಕ ಜೋಡಿಸಿದ್ದೆ. ಹಾಳೆಯಲ್ಲಿ ತಿದ್ದಿದರೆ ಸಾಕು, ನಡವಳಿಯಲ್ಲಿ ತಾನಾಗಿಯೇ ತಿದ್ದುಪಡಿಯಾಗುತ್ತಿತ್ತು. ಅದನ್ನು ಕಂಡು ನಾನು ಹೆಮ್ಮೆಪಟ್ಟದ್ದೂ ಉಂಟು.

ಸಭೆಯಲ್ಲಿ ಒಂದು ಓಣಿಯ ಗಟಾರ ಕಾಮಗಾರಿಗೆ 3,40,000 ರೂಪಾಯಿ ಎಂದು ಓದಿ ಹೇಳಲಾಯಿತು, ಠರಾವು ಅಂಗೀಕಾರವಾಯಿತು. ಮುಂದಿನ ವಾರಗಳಲ್ಲಿ ಸ್ಥಳ ಪರಿಶೀಲನೆಯಾಗಿ, ಗಟಾರದ ಉದ್ದ ಕಡಿಮೆಯೆಂದು ಕಂಡುಬಂದು, ಅಂದಾಜು ಪತ್ರಿಕೆ 2,90,000 ರೂಪಾಯಿಗೆ ಇಳಿಯಿತು. ಆ ಅಂಕಿಯನ್ನು ಹಾಳೆಯಲ್ಲಿ ನಮೂದಿಸಲಾಯಿತು. ಅನಂತರ ಒಂದು ದಿನ ನಡವಳಿಯ ಹೆಚ್ಚುವರಿ ಪ್ರತಿ ಬೇಕಾಗಿ ಕಡತವನ್ನು ತೆರೆದಾಗ, ಜೋಡಣೆಗಳನ್ನು ನವೀಕರಿಸಬೇಕೇ ಎಂದು ಪರದೆ ಕೇಳಿತು, ಹೌದು ಎಂದು ಒತ್ತಲಾಯಿತು, ಮುದ್ರಿಸಿ ಹಂಚಲಾಯಿತು. ಹಿಂದಿನ ತಿಂಗಳ ದಿನಾಂಕ, ಹಿಂದಿನ ತಿಂಗಳ ಠರಾವು, ಆದರೆ ಹೊಸ ಅಂಕಿ.

ಆ ಓಣಿಯ ಹಿರಿಯ ಸದಸ್ಯೆಯೊಬ್ಬರು ಮರುದಿನವೇ ಕಚೇರಿಗೆ ಬಂದರು. "ಸಾಹೇಬ್ರ, ಅವತ್ತ ನೀವ ಓದಿ ಹೇಳಿದ್ದು ಮೂರು ಲಕ್ಷ ನಲವತ್ತು ಸಾವಿರ. ನಾ ಡೈರ್ಯಾಗ ಬರಕೊಂಡೇನಿ. ಐವತ್ತು ಸಾವಿರ ಎಲ್ಲಿ ಹೋತು?" ಎಂದರು. "ಅಕ್ಕಾರ, ನಡವಳಿ ಯಾರೂ ತಿದ್ದಿಲ್ರಿ" ಎಂದೆ. ಅದು ಸತ್ಯವೇ ಆಗಿತ್ತು. ಅದಕ್ಕೆ ಅವರು, "ಯಾರೂ ತಿದ್ದಲಾರ್ದ ಕಾಗದ ತಾನ ಹೆಂಗ ಬದಲಾಗತೈತ್ರಿ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾಗಿತ್ತು. ಆ ದಿನ ನನ್ನ ಬಳಿ ಅವರಿಗೆ ಅರ್ಥವಾಗುವ ಉತ್ತರವಿರಲಿಲ್ಲ.

ಉತ್ತರವನ್ನು ನಮ್ಮ ಕಚೇರಿ ಪತ್ರವ್ಯವಹಾರದ ಭಾಷೆಯಲ್ಲಿಯೇ ಹೇಳಬಹುದು. ಯಾವುದೇ ಸರ್ಕಾರಿ ಪತ್ರವನ್ನು ನೋಡಿದರೂ ಮೇಲ್ಭಾಗದಲ್ಲಿ 'ಉಲ್ಲೇಖ' ಎಂದೂ ಕೆಳಭಾಗದಲ್ಲಿ 'ಅಡಕ' ಎಂದೂ ಇರುತ್ತದೆ. ಉಲ್ಲೇಖವೆಂದರೆ ಬೇರೆಡೆ ಇರುವ ಕಾಗದದ ಕಡೆಗೆ ಬೆರಳು ತೋರಿಸುವುದು. ಆ ಕಾಗದ ನಮ್ಮ ಲಕೋಟೆಯಲ್ಲಿಲ್ಲ. ಅಡಕವೆಂದರೆ ಆ ಕಾಗದವೇ ನಮ್ಮ ಲಕೋಟೆಯೊಳಗೆ ಇದೆ. ಇವೆರಡಲ್ಲದೆ ಮೂರನೆಯದೊಂದಿದೆ: ದೃಢೀಕೃತ ನಕಲು. ಅದರಲ್ಲಿ ಇರುವುದು ಬರಿಯ ಅಕ್ಷರ ಮತ್ತು ಅಂಕಿ. ಅದಕ್ಕೂ ಮೂಲಕ್ಕೂ ಮುಂದೆ ಸಂಬಂಧವಿಲ್ಲ. ಗಣಕಯಂತ್ರದಲ್ಲಿ ಒಂದು ಪಟ್ಟಿಯನ್ನು ಇನ್ನೊಂದು ದಾಖಲೆಯೊಳಗೆ ಇರಿಸುವ ಬಗೆಗಳೂ ಮೂರೇ. ಲಿಂಕ್ ಮಾಡಿದ್ದು ಉಲ್ಲೇಖ. ಹುದುಗಿಸಿದ್ದು, ಅಂದರೆ ಎಂಬೆಡ್ ಮಾಡಿದ್ದು, ಅಡಕ. ಸಾಮಾನ್ಯ ಕೋಷ್ಟಕವಾಗಿ ಅಥವಾ ಚಿತ್ರವಾಗಿ ಅಂಟಿಸಿದ್ದು ನಕಲು. ತೊಂದರೆಯೆಂದರೆ ಪತ್ರದಲ್ಲಿ ಇವು ಬೇರೆ ಬೇರೆ ಜಾಗದಲ್ಲಿ ಕಾಣುತ್ತವೆ. ಪರದೆಯ ಮೇಲೆ ಮೂರೂ ಒಂದೇ ರೀತಿ ಕಾಣುತ್ತವೆ.

ಈ ವ್ಯವಸ್ಥೆ ಹೊಸದಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 1990ರಲ್ಲಿ ಇದನ್ನು ಓ.ಎಲ್.ಇ. ಎಂಬ ಹೆಸರಿನಿಂದ ಹೊರತಂದಿತು. ಜೋಡಣೆ ಮತ್ತು ಹುದುಗಿಸುವಿಕೆ ಎಂಬುದೇ ಆ ಹೆಸರಿನ ತಾತ್ಪರ್ಯ. ಆಪಲ್ ಸಂಸ್ಥೆಯೂ ಓಪನ್‌ಡಾಕ್ ಎಂಬ ಪ್ರತಿಸ್ಪರ್ಧಿ ಯೋಜನೆಯನ್ನು ನಡೆಸಿ 1997ರಲ್ಲಿ ಕೈಬಿಟ್ಟಿತು. ಇಂದು ಲಿಬ್ರೆ ಆಫೀಸ್‌ನಲ್ಲಿಯೂ ಇದೇ ತತ್ವ, ಇದೇ ಹೆಸರು ಬಳಕೆಯಲ್ಲಿದೆ.

ಇದರ ಒಳಗುಟ್ಟು ಒಂದೇ. ಹುದುಗಿಸಿದ ಪಟ್ಟಿಗೆ ಎರಡು ದೇಹಗಳಿರುತ್ತವೆ. ಒಂದು, ಕಣ್ಣಿಗೆ ಕಾಣುವ ಚಿತ್ರ. ಇನ್ನೊಂದು, ಆ ಚಿತ್ರದ ಹಿಂದೆ ಇರುವ ಮೂಲ ಹಾಳೆ. ದಾಖಲೆಯನ್ನು ಸುಮ್ಮನೆ ತೆರೆದಾಗ ನಾವು ನೋಡುವುದು ಚಿತ್ರವನ್ನು ಮಾತ್ರ. ಅದರ ಮೇಲೆ ಎರಡು ಬಾರಿ ಒತ್ತಿದಾಗ ಹಿಂದಿನ ಹಾಳೆಗೆ ಜೀವ ಬರುತ್ತದೆ. ವರ್ಡ್‌ನೊಳಗೇ ಎಕ್ಸೆಲ್‌ನ ಪಟ್ಟಿ, ಗುಂಡಿಗಳು ಪ್ರತ್ಯಕ್ಷವಾಗುತ್ತವೆ. ತಿದ್ದಿ ಹೊರಗೆ ಒತ್ತಿದರೆ ಹೊಸ ಚಿತ್ರ ಮೂಡುತ್ತದೆ. ಇಲ್ಲಿ ತಿದ್ದಿದ್ದು ಈ ದಾಖಲೆಯೊಳಗಿನ ಪ್ರತಿ ಮಾತ್ರ. ಕಚೇರಿಯ ಮೂಲ ಎಕ್ಸೆಲ್ ಕಡತ ಹಾಗೆಯೇ ಇರುತ್ತದೆ. ಲಿಂಕ್ ಮಾಡಿದ ಪಟ್ಟಿಯಲ್ಲಾದರೋ ದಾಖಲೆಯೊಳಗೆ ಇರುವುದು ಚಿತ್ರ ಮತ್ತು ಮೂಲ ಕಡತ ಇರುವ ಜಾಗದ ವಿಳಾಸ ಮಾತ್ರ. ಅದರ ಮೇಲೆ ಎರಡು ಬಾರಿ ಒತ್ತಿದರೆ ಮೂಲ ಕಡತವೇ ಪ್ರತ್ಯೇಕ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ.

ಈ ಚಿತ್ರದ ಸಂಗತಿಯನ್ನು ಗಮನದಲ್ಲಿಟ್ಟುಕೊಂಡರೆ ಸಭೆಗಳಲ್ಲಿ ಆಗುವ ಕೆಲವು ವಾದಗಳ ಮೂಲ ತಿಳಿಯುತ್ತದೆ. ಲಿಂಕ್ ಇರುವ ನಡವಳಿಯನ್ನು ವಾಟ್ಸ್‌ಆ್ಯಪ್ ಮೂಲಕ ಸದಸ್ಯರಿಗೆ ಕಳುಹಿಸಲಾಗಿದೆಯೆನ್ನಿ. ಅದರೊಳಗಿನ ವಿಳಾಸ ಕಚೇರಿಯ ಗಣಕಯಂತ್ರದ ಡಿ ಡ್ರೈವ್‌ನದು; ಸದಸ್ಯರ ಮೊಬೈಲಿನಲ್ಲಿ ಆ ಡ್ರೈವ್ ಎಲ್ಲಿಂದ ಬರಬೇಕು? ಆದ್ದರಿಂದ ಮೊಬೈಲ್ ಹಳೆಯ ಚಿತ್ರವನ್ನೇ ತೋರಿಸುತ್ತದೆ. ಅದೇ ಹೆಸರಿನ ಅದೇ ಕಡತವನ್ನು ಕಚೇರಿಯಲ್ಲಿ ತೆರೆದರೆ ಹೊಸ ಅಂಕಿ ಬರುತ್ತದೆ. ಸದಸ್ಯರು ಒಂದು ಮೊತ್ತ ಹೇಳುತ್ತಾರೆ, ಕಾರ್ಯದರ್ಶಿ ಇನ್ನೊಂದು ಹೇಳುತ್ತಾರೆ. ಇಬ್ಬರ ಕೈಯಲ್ಲೂ ಪುರಾವೆಯಿದೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಿಂದೊಮ್ಮೆ ಇಂಥ ಸಂದರ್ಭದಲ್ಲಿ ಸಭೆಯು ಅರ್ಧ ದಿನ ಕಳೆದದ್ದನ್ನು ನಾನು ಕಂಡಿದ್ದೇನೆ.

ಹುದುಗಿಸಿದ ಪಟ್ಟಿಯ ಬೇನೆ ಬೇರೆ. ಎರಡು ಬಾರಿ ಒತ್ತಿ ಒಳಗೆ ಹೋದವರು ಅರಿಯದೆ ಮೌಸ್‌ನ ಚಕ್ರವನ್ನು ತಿರುಗಿಸಿ ಹೊರಬಂದರೆ, ಚೌಕಟ್ಟು ಅಷ್ಟೇ ಇದ್ದು ಒಳಗಿನ ಹಾಳೆ ಸರಿದಿರುತ್ತದೆ. ಮೇಲಿನ ಎರಡು ಕಾಮಗಾರಿಗಳು ಕಾಣೆಯಾಗಿ, ಕೆಳಗೆ ಎರಡು ಖಾಲಿ ಸಾಲುಗಳು ಬಂದಿರಬಹುದು. ಅಳಿಸಿದವರು ಯಾರೂ ಇಲ್ಲ. ಅವು ಚೌಕಟ್ಟಿನ ಹಿಂದೆ ಮರೆಯಾಗಿವೆ ಅಷ್ಟೇ. ಆದರೆ ಮುದ್ರಿತ ಪ್ರತಿಯಲ್ಲಿ ತಮ್ಮ ವಾರ್ಡಿನ ಕಾಮಗಾರಿ ಕಾಣದ ಸದಸ್ಯರಿಗೆ ಅದು ಅಳಿಸಿದಂತೆಯೇ ಸರಿ. ಇದನ್ನು ಪತ್ತೆಹಚ್ಚುವ ಉಪಾಯ ಸರಳವಾಗಿದೆ: ಕಾಣುವ ಸಾಲುಗಳನ್ನು ಕೂಡಿಸಿ ನೋಡಿರಿ. ಒಟ್ಟು ಮೊತ್ತಕ್ಕೆ ತಾಳೆಯಾಗದಿದ್ದರೆ, ಲೆಕ್ಕ ತಪ್ಪಿದೆ ಎನ್ನುವ ಮೊದಲು, ಮರೆಯಾದ ಸಾಲುಗಳಿವೆಯೇ ಎಂದು ಕೇಳಿರಿ.

ಉದ್ದನೆಯ ಪಟ್ಟಿಗಳಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಹುದುಗಿಸಿದ ಪಟ್ಟಿ ಒಂದು ಅಖಂಡ ಚಿತ್ರವಾದ್ದರಿಂದ ಅದು ಪುಟದಿಂದ ಪುಟಕ್ಕೆ ಮುರಿದು ಮುಂದುವರಿಯುವುದಿಲ್ಲ. ಅರುವತ್ತು ಫಲಾನುಭವಿಗಳ ಪಟ್ಟಿಯನ್ನು ಹಾಗೆ ಇರಿಸಿದರೆ ಪುಟದ ತುದಿಯಲ್ಲಿ ಪಟ್ಟಿ ಕತ್ತರಿಸಿಹೋಗುತ್ತದೆ. ಉಳಿದ ಹೆಸರುಗಳು ಮುದ್ರಣಕ್ಕೆ ಬರುವುದೇ ಇಲ್ಲ. ಗ್ರಾಮ ಸಭೆಯಲ್ಲಿ ಓದಬೇಕಾದ ಪಟ್ಟಿಗೆ ಸಾಮಾನ್ಯ ಕೋಷ್ಟಕವೇ ತಕ್ಕದ್ದು.

ಇಷ್ಟರವರೆಗೆ ಹೇಳಿದ್ದು ಕಾಣದೆ ಹೋಗುವ ಅಂಕಿಗಳ ವಿಷಯ. ಇದಕ್ಕಿಂತ ಗಂಭೀರವಾದದ್ದು ಕಾಣಬಾರದ್ದು ಹೊರಹೋಗುವ ವಿಷಯ.

2019ರ ಆಗಸ್ಟ್‌ನಲ್ಲಿ ಮಲಪ್ರಭೆಗೆ ಮಹಾಪೂರ ಬಂದು ರಾಮದುರ್ಗ ಪಟ್ಟಣಕ್ಕೂ ನದಿ ತೀರದ ಗ್ರಾಮಗಳಿಗೂ ನೀರು ನುಗ್ಗಿದ್ದು ನಮ್ಮ ತಾಲ್ಲೂಕಿನ ಸದಸ್ಯರಿಗೆ ನೆನಪಿದ್ದೇ ಇದೆ. ನೆರೆಯ ನಂತರದ ದಿನಗಳೆಂದರೆ ಪಟ್ಟಿಗಳ ದಿನಗಳು: ಮನೆ ಹಾನಿಯ ಎ, ಬಿ, ಸಿ ವರ್ಗಗಳ ಪಟ್ಟಿ, ಪರಿಹಾರದ ಪಟ್ಟಿ, ಬ್ಯಾಂಕ್ ಖಾತೆಗಳ ಪಟ್ಟಿ. ಇಂಥ ಒಂದು ಎಕ್ಸೆಲ್ ಪುಸ್ತಕವನ್ನು ಊಹಿಸಿಕೊಳ್ಳಿರಿ. ಅದರ ಮೊದಲ ಹಾಳೆಯಲ್ಲಿ ಗ್ರಾಮವಾರು ಸಂಖ್ಯೆಗಳ ಸಾರಾಂಶವಿದೆ. ಎರಡನೆಯ ಹಾಳೆಯಲ್ಲಿ ಪ್ರತಿ ಕುಟುಂಬದ ಯಜಮಾನರ ಹೆಸರು, ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಇವೆ. ವರದಿಗೆ ಬೇಕಾದದ್ದು ಸಾರಾಂಶದ ಐದು ಸಾಲುಗಳು. ಆ ಐದು ಸಾಲುಗಳನ್ನು ಎಕ್ಸೆಲ್‌ನಿಂದ ನಕಲಿಸಿ, ವರ್ಡ್ ದಾಖಲೆಯಲ್ಲಿ ವರ್ಕ್‌ಶೀಟ್ ಆಬ್ಜೆಕ್ಟ್ ಎಂಬ ಬಗೆಯಲ್ಲಿ ಅಂಟಿಸಿದರೆ, ಕಾಣುವುದು ಐದೇ ಸಾಲು. ಆದರೆ ಒಳಗೆ ಕುಳಿತದ್ದು ಇಡೀ ಪುಸ್ತಕ, ಎರಡನೆಯ ಹಾಳೆಯೂ ಸೇರಿದಂತೆ. ಆ ವರದಿಯನ್ನು ಯಾರಿಗೆ ಕಳುಹಿಸಿದರೂ ಅವರು ಪಟ್ಟಿಯ ಮೇಲೆ ಎರಡು ಬಾರಿ ಒತ್ತಿದರೆ ಊರಿನ ಎಲ್ಲರ ಖಾತೆ ಸಂಖ್ಯೆಗಳು ಅವರ ಮುಂದಿರುತ್ತವೆ.

ನಂಬಿಕೆಯಾಗದವರು ಸ್ವತಃ ಪರೀಕ್ಷಿಸಬಹುದು. ವರ್ಡ್ ಕಡತದ ಪ್ರತಿಯೊಂದನ್ನು ತೆಗೆದುಕೊಂಡು, ಹೆಸರಿನ ಕೊನೆಯಲ್ಲಿರುವ 'ಡಾಕ್ಸ್' ಎಂಬ ಭಾಗವನ್ನು 'ಜಿಪ್' ಎಂದು ಬದಲಿಸಿ ತೆರೆದರೆ ಅದು ಒಂದು ಪೆಟ್ಟಿಗೆಯಂತೆ ತೆರೆದುಕೊಳ್ಳುತ್ತದೆ. ಅದರೊಳಗೆ ವರ್ಡ್ ಎಂಬ ಫೋಲ್ಡರ್, ಅದರೊಳಗೆ ಎಂಬೆಡಿಂಗ್ಸ್ ಎಂಬ ಫೋಲ್ಡರ್. ಹುದುಗಿಸಿದ ಎಕ್ಸೆಲ್ ಪುಸ್ತಕ ಅಲ್ಲಿ ಇಡಿಯಾಗಿ ಕುಳಿತಿರುತ್ತದೆ. ಸ್ತಂಭಾಲೇಖಗಳಿಗೂ, ಅಂದರೆ ಚಾರ್ಟುಗಳಿಗೂ, ಈ ಮಾತು ಅನ್ವಯಿಸುತ್ತದೆ: ವರ್ಕ್‌ಬುಕ್ ಸಹಿತ ಹುದುಗಿಸುವ ಆಯ್ಕೆಯಲ್ಲಿ ಅಂಟಿಸಿದ ಒಂದು ಸುಂದರ ಚಿತ್ರದ ಹಿಂದೆ ಫಲಾನುಭವಿಗಳ ಸಂಪೂರ್ಣ ಪಟ್ಟಿ ಇರಬಹುದು. ಗ್ರಾಮ ಸಭೆಯಲ್ಲಿ ತೋರಿಸಲು ಮಾಡಿದ ಪವರ್‌ಪಾಯಿಂಟ್ ಕಡತವನ್ನು ಯಾರಾದರೂ ಪೆನ್‌ಡ್ರೈವ್‌ನಲ್ಲಿ ಕೇಳಿದಾಗ ನಾವು ಸಹಜವಾಗಿಯೇ ಕೊಟ್ಟುಬಿಡುತ್ತೇವೆ.

ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕಾರ ಪಂಚಾಯತಿಯು ತನ್ನ ಕಾರ್ಯಕಲಾಪಗಳನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕಾಗಿದೆ, ಪ್ರಕಟಿಸಲೇಬೇಕು. ಅದೇ ವೇಳೆ ಆಧಾರ್ ಅಧಿನಿಯಮ 2016ರ 29ನೇ ಕಲಮು ವ್ಯಕ್ತಿಗಳ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ನಿರ್ಬಂಧಿಸುತ್ತದೆ. ಈ ಎರಡನ್ನೂ ಪಾಲಿಸುವ ಅತ್ಯಂತ ಸುಲಭ ಮಾರ್ಗ ಪಿ.ಡಿ.ಎಫ್. ಸಾಮಾನ್ಯ ರೀತಿಯಲ್ಲಿ ಪಿ.ಡಿ.ಎಫ್.ಗೆ ಪರಿವರ್ತಿಸಿದಾಗ ಕಣ್ಣಿಗೆ ಕಾಣುವುದು ಮಾತ್ರ ಹೋಗುತ್ತದೆ. ಹಿಂದಿನ ಪುಸ್ತಕ ಕಚೇರಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಚೇರಿಯ ಹೊಸ್ತಿಲು ದಾಟುವ ಯಾವ ದಾಖಲೆಯೂ ವರ್ಡ್ ಅಥವಾ ಪವರ್‌ಪಾಯಿಂಟ್ ರೂಪದಲ್ಲಿ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸದಸ್ಯರಿಗೆ ಕಳುಹಿಸುವ ಪ್ರತಿಗೂ ಇದು ಸಲ್ಲುತ್ತದೆ. ಇದರಲ್ಲಿ ಸದಸ್ಯರ ಮೇಲಿನ ಅಪನಂಬಿಕೆಯ ಪ್ರಶ್ನೆಯಿಲ್ಲ, ಒಮ್ಮೆ ವಾಟ್ಸ್‌ಆ್ಯಪ್ ಗುಂಪಿಗೆ ಹೋದದ್ದು ಎಲ್ಲಿ ನಿಲ್ಲುವುದೆಂದು ನಮಗೆ ಯಾರಿಗೂ ತಿಳಿಯದು.

ಹೊರಗಿನಿಂದ ಬರುವ ಕಡತಗಳ ಬಗ್ಗೆ ಒಂದು ಮಾತು. ದಾಖಲೆಯೊಳಗೆ ಹಾಳೆಯನ್ನಷ್ಟೇ ಅಲ್ಲ, ಯಾವುದೇ ಕಡತವನ್ನು ಒಂದು ಸಣ್ಣ ಗುರುತಿನ ರೂಪದಲ್ಲಿ ಹುದುಗಿಸಬಹುದು. ದುಷ್ಕರ್ಮಿಗಳು ಇದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಈ ವ್ಯವಸ್ಥೆಯಲ್ಲಿದ್ದ ಒಂದು ದೋಷವನ್ನು ದಾಳಿಕೋರರು ಬಳಸಿಕೊಂಡ ಕಾರಣ 2014ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ಗೆ ದುರಸ್ತಿ ನೀಡಬೇಕಾಯಿತು. 'ಆದೇಶವನ್ನು ನೋಡಲು ಇಲ್ಲಿ ಎರಡು ಬಾರಿ ಒತ್ತಿ' ಎಂದು ಬರೆದಿರುವ ಗುರುತು ಅಪರಿಚಿತ ಕಡತದಲ್ಲಿ ಕಂಡರೆ ಒತ್ತಬೇಡಿರಿ. ಕಳುಹಿಸಿದ ಕಚೇರಿಗೆ ದೂರವಾಣಿ ಮಾಡಿ ಕೇಳಿರಿ.

ಹಾಗಾದರೆ ಲಿಂಕ್ ಮಾಡುವುದೇ ತಪ್ಪೇ? ಇಲ್ಲ. ಠರಾವಿಗೆ ಮುಂಚಿನ ಹಂತದಲ್ಲಿ ಅದರಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ. 15ನೇ ಹಣಕಾಸು ಆಯೋಗದ ಅನುದಾನವನ್ನು ತೆಗೆದುಕೊಳ್ಳಿರಿ. 2021-22ರಿಂದ 2025-26ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 60 ನಿರ್ಬಂಧಿತ, ಶೇ. 40 ಅನಿರ್ಬಂಧಿತ, ನಿರ್ಬಂಧಿತ ಭಾಗದಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮುಂತಾದವುಗಳಿಗೆ ನಿಗದಿಯಾಗಿತ್ತು. ಕರಡು ಯೋಜನೆಯಲ್ಲಿ ಒಂದು ಕಾಮಗಾರಿಯ ಮೊತ್ತ ಬದಲಾದರೆ ಈ ಎಲ್ಲ ಪ್ರಮಾಣಗಳೂ ಬದಲಾಗುತ್ತವೆ. ಕರಡು ಟಿಪ್ಪಣಿಯನ್ನು ಹಾಳೆಗೆ ಜೋಡಿಸಿದ್ದರೆ ಎಲ್ಲೆಡೆಯೂ ಒಮ್ಮೆಲೇ ಸರಿಯಾದ ಅಂಕಿ ಬರುತ್ತದೆ. ಕೈಯಿಂದ ತಿದ್ದುವಾಗ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಡುವ ಭಯವಿಲ್ಲ. ನನ್ನ ತಪ್ಪು ಲಿಂಕ್ ಮಾಡಿದ್ದರಲ್ಲಿರಲಿಲ್ಲ. ಸಭೆ ಮುಗಿದ ಮೇಲೂ ಅದನ್ನು ಕಡಿಯದೆ ಬಿಟ್ಟದ್ದರಲ್ಲಿತ್ತು. ಕರಡು ಬದಲಾಗುತ್ತಿರಬೇಕಾದ ಕಾಗದ. ನಡವಳಿ ಬದಲಾಗಬಾರದ ಕಾಗದ. ಎರಡಕ್ಕೂ ಒಂದೇ ಕಡತವನ್ನು ಬಳಸಿದೆ.

ಕಡಿಯುವ ಕ್ರಮ ಕಷ್ಟದ್ದಲ್ಲ. ವರ್ಡ್‌ನಲ್ಲಿ ಫೈಲ್ ಪಟ್ಟಿಯ ಇನ್ಫೋ ಪುಟದಲ್ಲಿ ಕಡತಗಳ ಜೋಡಣೆಗಳನ್ನು ತೋರಿಸುವ ಆಯ್ಕೆಯಿದೆ. ಅಲ್ಲಿ ಪ್ರತಿಯೊಂದು ಲಿಂಕ್‌ನ ವಿಳಾಸ ಕಾಣುತ್ತದೆ, ಬ್ರೇಕ್ ಲಿಂಕ್ ಎಂಬ ಗುಂಡಿಯೂ ಇದೆ. ಪಟ್ಟಿಯನ್ನು ಆಯ್ದು ಕಂಟ್ರೋಲ್, ಶಿಫ್ಟ್ ಮತ್ತು ಎಫ್-9 ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಅದೇ ಫಲ. ಲಿಬ್ರೆ ಆಫೀಸ್‌ನಲ್ಲಿ ಎಡಿಟ್ ಪಟ್ಟಿಯೊಳಗೆ ಹೊರಗಿನ ಕಡತಗಳ ಲಿಂಕ್‌ಗಳು ಎಂಬಲ್ಲಿ ಇದು ದೊರೆಯುತ್ತದೆ. ಗೂಗಲ್ ಡಾಕ್ಸ್ ಬಳಸುವ ಪಂಚಾಯತಿಗಳಲ್ಲಿ ಸ್ಥಿತಿ ಸ್ವಲ್ಪ ಬೇರೆ: ಗೂಗಲ್ ಶೀಟ್ಸ್‌ನಿಂದ ಲಿಂಕ್ ಮಾಡಿ ತಂದ ಕೋಷ್ಟಕ ತಾನಾಗಿಯೇ ಬದಲಾಗುವುದಿಲ್ಲ, ಮೂಲ ಬದಲಾದಾಗ ಅಪ್‌ಡೇಟ್ ಎಂಬ ಗುಂಡಿ ಕಾಣಿಸಿಕೊಳ್ಳುತ್ತದೆ, ಯಾರಾದರೂ ಅದನ್ನು ಒತ್ತಬೇಕು. ಅಲ್ಲಿ ತಿದ್ದುಪಡಿಗಳ ಇತಿಹಾಸವೂ ಉಳಿಯುವುದರಿಂದ ಯಾವಾಗ, ಯಾರ ಖಾತೆಯಿಂದ ಬದಲಾಯಿತೆಂದು ನೋಡಬಹುದು. ಆದರೆ ವರ್ಡ್‌ನಲ್ಲಿ ಎಕ್ಸೆಲ್ ಹುದುಗಿಸಿದ ಕಡತವನ್ನು ಗೂಗಲ್ ಡಾಕ್ಸ್‌ಗೆ ಏರಿಸಿದರೆ ಆ ಪಟ್ಟಿ ತಿದ್ದಲಾಗದ ಬರಿಯ ಚಿತ್ರವಾಗಿ ಉಳಿಯುತ್ತದೆ.

ನುಡಿ ಅಕ್ಷರಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ನಮ್ಮ ಹಳೆಯ ಹಾಳೆಗಳಲ್ಲಿ ಹಲವು ಯೂನಿಕೋಡ್ ಅಲ್ಲದ ನುಡಿ ಫಾಂಟ್‌ಗಳಲ್ಲಿವೆ. ಅಂಥ ಹಾಳೆಯನ್ನು ಯೂನಿಕೋಡ್ ನಡವಳಿಯಲ್ಲಿ ಹುದುಗಿಸಿ, ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಒಕ್ಕಣೆ ಶುದ್ಧ ಕನ್ನಡದಲ್ಲಿದ್ದು ಪಟ್ಟಿ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಹಾಳೆಯನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಬಳಿಕ ನಡವಳಿಗೆ ತರುವುದೇ ಸರಿ.

ಈಗ ನಾನು ಅನುಸರಿಸುವ ಪದ್ಧತಿಯನ್ನು ತಿಳಿಸುತ್ತೇನೆ. ಇದು ಆದೇಶವಲ್ಲ, ರೂಢಿಯಷ್ಟೇ. ಠರಾವು ಅಂಗೀಕಾರವಾದ ದಿನವೇ ಪಟ್ಟಿಯ ಲಿಂಕ್‌ಗಳನ್ನು ಕಡಿದು ಸಾಮಾನ್ಯ ಕೋಷ್ಟಕವಾಗಿ ಮಾಡಿ, ಪಿ.ಡಿ.ಎಫ್. ತೆಗೆದು, ಸಭೆಯ ದಿನಾಂಕವನ್ನೇ ಕಡತದ ಹೆಸರಾಗಿ ಇಡುತ್ತೇನೆ. ಒಟ್ಟು ಮೊತ್ತವನ್ನೂ ಪ್ರತಿ ಕಾಮಗಾರಿಯ ಮೊತ್ತವನ್ನೂ ಠರಾವಿನ ಒಕ್ಕಣೆಯಲ್ಲಿ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿಸುತ್ತೇನೆ. ಚೆಕ್ಕಿನಲ್ಲಿ ಹಾಗೆ ಬರೆಯುವುದು ಏತಕ್ಕೋ ಇದೂ ಅದಕ್ಕೇ: ಪಟ್ಟಿ ಹೇಗೆ ಬದಲಾದರೂ ಅಕ್ಷರಗಳು ಬದಲಾಗುವುದಿಲ್ಲ. ಅಂದಾಜು ಪತ್ರಿಕೆ ಮುಂದೆ ಪರಿಷ್ಕೃತವಾದರೆ, ಹಳೆಯ ನಡವಳಿಯನ್ನು ಮುಟ್ಟದೆ, ಪರಿಷ್ಕೃತ ಮೊತ್ತವನ್ನು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಹೊಸ ವಿಷಯವಾಗಿ ಮಂಡಿಸುತ್ತೇನೆ.

ಮೇಲೆ ಹೇಳಿದ ಗಟಾರದ ವಿಷಯವೂ ಕೊನೆಗೆ ಹಾಗೆಯೇ ಇತ್ಯರ್ಥವಾಯಿತು. ಸ್ಥಳದ ಅಳತೆಯನ್ನು ಸಭೆಯ ಮುಂದಿಟ್ಟು, ಉಳಿದ ಐವತ್ತು ಸಾವಿರವನ್ನು ಯಾವ ಕಾಮಗಾರಿಗೆ ಬಳಸಬೇಕೆಂದು ಕೇಳಲಾಯಿತು. ಆ ಸದಸ್ಯೆಯವರು ತಮ್ಮ ಓಣಿಗೇ ಒಂದು ಸಿ.ಡಿ. ಬೇಕೆಂದರು; ಸಭೆ ಒಪ್ಪಿತು. ಸಹಿ ಹಾಕುವ ಮುನ್ನ ಅವರು ಡೈರಿಯನ್ನು ತೆರೆದು ಎರಡೂ ಅಂಕಿಗಳನ್ನು ತಾಳೆ ನೋಡಿದರು. ಈಗಲೂ ಪ್ರತಿ ಸಭೆಗೆ ಡೈರಿ ತರುತ್ತಾರೆಂದು ಕೇಳಿದ್ದೇನೆ.

ಸದಸ್ಯರು ಸಭೆಯಲ್ಲಿ ಕೇಳಬಹುದಾದ ಪ್ರಶ್ನೆ ಇಷ್ಟೇ: ಈ ಪಟ್ಟಿ ಅಡಕವೋ, ಉಲ್ಲೇಖವೋ, ನಕಲೋ? ಕಚೇರಿಯ ಪರದೆಯಲ್ಲಿ ಪಟ್ಟಿಯ ಮೇಲೆ ಎರಡು ಬಾರಿ ಒತ್ತಿ ತೋರಿಸಲು ಹೇಳಿರಿ. ಬೇರೆ ಕಿಟಕಿ ತೆರೆದರೆ ಉಲ್ಲೇಖ, ಅಲ್ಲಿಯೇ ಹಾಳೆ ಎದ್ದು ಬಂದರೆ ಅಡಕ, ಏನೂ ಆಗದಿದ್ದರೆ ಅಥವಾ ಪದವೊಂದು ಮಾತ್ರ ಆಯ್ಕೆಯಾದರೆ ನಕಲು.

ಕೊನೆಯದಾಗಿ, ಹಳೆಯ ಗಣಕಯಂತ್ರವನ್ನು ಬದಲಿಸುವ ಪಂಚಾಯತಿಗಳಿಗೆ ಒಂದು ಸೂಚನೆ. ಹಿಂದಿನ ವರ್ಷಗಳ ವರದಿಗಳಲ್ಲಿ ಲಿಂಕ್‌ಗಳಿದ್ದರೆ ಅವು ಆ ಯಂತ್ರದ ಡ್ರೈವ್‌ಗಳನ್ನೇ ಸೂಚಿಸುತ್ತಿರುತ್ತವೆ. ಕಡತಗಳನ್ನು ಹೊಸ ಯಂತ್ರಕ್ಕೆ ಬೇರೆ ಫೋಲ್ಡರ್‌ಗಳಲ್ಲಿ ಸಾಗಿಸಿದ ಕೂಡಲೇ ಆ ವಿಳಾಸಗಳು ಸತ್ತುಹೋಗುತ್ತವೆ. ಚಿತ್ರ ಉಳಿಯುತ್ತದೆ, ಆದರೆ ಅದರಿಂದ ಮೂಲ ಹಾಳೆಯನ್ನು ತೆರೆಯುವ ದಾರಿ ಮುಚ್ಚುತ್ತದೆ. ಹಳೆಯ ಯಂತ್ರ ಚಾಲನೆಯಲ್ಲಿರುವಾಗಲೇ ಲಿಂಕ್ ಇರುವ ಕಡತಗಳನ್ನು ತೆರೆದು, ನವೀಕರಿಸಬೇಕೇ ಎಂಬ ಪ್ರಶ್ನೆಗೆ ಬೇಡವೆಂದು ಉತ್ತರಿಸಿ, ಲಿಂಕ್‌ಗಳ ವಿಳಾಸವನ್ನು ಬರೆದಿಟ್ಟುಕೊಂಡು, ಆಮೇಲೆ ಕಡಿಯಿರಿ. ಒಂದು ವರ್ಷದ ಕಡತಗಳಿಗೆ ಸುಮಾರು ಒಂದು ಮಧ್ಯಾಹ್ನ ಹಿಡಿಯುತ್ತದೆ.